ಓಷನ್ ಹೌಸಿಗೆ ಹೋಗುವ ಮುನ್ನ

ಪುಟ್ಟೀ, ಡಿಸ್ಕೌಂಟಿನಲ್ಲಿ ಸಿಕ್ಕಿತೆಂದು ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಕೊಂಡಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಹೆಸರು ಕೇಳಿ ಅವಳಿಗೆ ಗಾಬರಿ, ನನಗೆ ಸಂತೋಷ. ದೊಡ್ಡವರಿಗೆಂದೇ ಮಾಡಿದ ಗೇಮ್ ಅದು. ನೀನೂ ಈಗ ದೊಡ್ಡವಳೇ. ಆಡು. ಆದರೆ ಶುರು ಮಾಡುವ ಮುಂಚೆ ಮಾವನ ನಾಲ್ಕು ಮಾತು ಕೇಳಿಸಿಕೋ. ಇದನ್ನು ಮುಕ್ಕಾಲು ಪಾಲು ಆಸೆಯಿಂದ ಆಡಿ, ಕೊನೆಗೆ ಸಿಟ್ಟಿನಿಂದ ಬಿಟ್ಟವರನ್ನು ಕಂಡಿದ್ದೇನೆ. ಆ ಸಾಲಿಗೆ ನೀನು ಸೇರುವುದು ಬೇಡ.

ಮೊದಲು ಅನಧಿಕೃತ ಪ್ಯಾಚ್ ಹಾಕಿಕೋ. ಈ ಗೇಮ್ ಹೊರಬಂದದ್ದು 2004ರ ನವೆಂಬರ್ 16ರಂದು, ‘ಹಾಫ್-ಲೈಫ್ 2’ ಬಂದ ದಿನವೇ. ಎರಡಕ್ಕೂ ವಾಲ್ವ್‌ನ ಸೋರ್ಸ್ ಎಂಜಿನ್ನೇ ಆಧಾರ. ಆ ಎಂಜಿನ್ ಇನ್ನೂ ತಯಾರಾಗುತ್ತಿದ್ದಾಗಲೇ ಟ್ರಾಯ್ಕಾ ಗೇಮ್ಸ್‌ನವರು ಅದರ ಮೇಲೆ ತಮ್ಮ ಗೇಮ್ ಕಟ್ಟಬೇಕಾಯಿತು. ಸಣ್ಣ ಸಂಸ್ಥೆ, ಬೆಟ್ಟದಂಥ ಕನಸು. ತಪ್ಪುಗಳನ್ನು ತುಂಬಿಕೊಂಡೇ ಗೇಮ್ ಅಂಗಡಿಗೆ ಬಂತು. 2005ರ ಫೆಬ್ರವರಿಯಲ್ಲಿ ಸಂಸ್ಥೆ ಬಾಗಿಲು ಹಾಕಿತು. ಆಮೇಲೆ ಈ ಪ್ಯಾಚಿನ ಮೂಲಕ ಗೇಮನ್ನು ವರ್ಷಾನುಗಟ್ಟಲೆ ರಿಪೇರಿ ಮಾಡುತ್ತ ಬಂದವರು ವರ್ನರ್ ಸ್ಪಾಲ್ ಎಂಬ ಜರ್ಮನಿಯ ರಸಾಯನಶಾಸ್ತ್ರಜ್ಞ. ಯಾರೂ ಒಪ್ಪಿಸದ ಕೆಲಸವನ್ನು ಬರೀ ಪ್ರೀತಿಯಿಂದ ಇಷ್ಟು ಕಾಲ ಮಾಡುವುದೆಂದರೆ ಸಾಮಾನ್ಯವಲ್ಲ. ಪ್ಯಾಚ್ ಹಾಕುವಾಗ ಬೇಸಿಕ್, ಪ್ಲಸ್ ಎಂದು ಎರಡು ಬಗೆ ಕೇಳುತ್ತದೆ. ಮೊದಲ ಸಲಕ್ಕೆ ಬೇಸಿಕ್ ಸಾಕು.

ನಡೆಯುವುದೆಲ್ಲ ಲಾಸ್ ಏಂಜಲೀಸಿನಲ್ಲಿ: ಸಾಂಟಾ ಮೋನಿಕಾ, ಡೌನ್‌ಟೌನ್, ಹಾಲಿವುಡ್, ಚೈನಾಟೌನ್. ಯಾವಾಗಲೂ ರಾತ್ರಿ. ನಿನ್ನನ್ನು ಯಾರೋ ಅಪ್ಪಣೆಯಿಲ್ಲದೆ ರಕ್ತಪಿಶಾಚಿ ಮಾಡಿರುತ್ತಾರೆ. ಆ ತಪ್ಪಿಗೆ ಅವರ ತಲೆ ಹೋಗುತ್ತದೆ, ನಿನ್ನ ತಲೆ ಆ ನಗರದ ರಕ್ತಪಿಶಾಚಿಗಳನ್ನು ಆಳುವ ಪ್ರಿನ್ಸ್‌ನ ದಯೆಯಿಂದ ಉಳಿಯುತ್ತದೆ. ಅಲ್ಲಿಂದ ನೀನು ಅವನ ಓಲೆಕಾರಳು. ಮನುಷ್ಯರ ಕಣ್ಣೆದುರು ನಿನ್ನ ನಿಜರೂಪ ತೋರಿಸಬಾರದು. ಐದು ಸಲ ನಿಯಮ ಮೀರಿದರೆ ಆಟ ಮುಗಿಯಿತು. ಹಸಿವಾದಾಗ ರಕ್ತ ಬೇಕು, ಆದರೆ ಅಮಾಯಕನೊಬ್ಬನನ್ನು ಪೂರ್ತಿ ಹೀರಿ ಕೊಂದರೆ ನಿನ್ನ ಮನುಷ್ಯತ್ವದ ಅಂಕ ಇಳಿಯುತ್ತದೆ. ಈ ಹಸಿವಿನ ಲೆಕ್ಕವೇ ಗೇಮಿನ ಜೀವ. ಬೀದಿಯಲ್ಲಿ ಎದುರಾಗುವ ಪ್ರತಿಯೊಬ್ಬರನ್ನೂ ನೀನು ಬೇರೆ ಕಣ್ಣಿಂದ ನೋಡತೊಡಗುತ್ತೀ, ಹಾಗೆ ನೋಡಿದೆನಲ್ಲ ಎಂದು ನಿನಗೇ ಇರಿಸುಮುರಿಸಾಗುತ್ತದೆ.

ಓಷನ್ ಹೌಸ್ ಹೋಟೆಲು ಬರುವುದು ಸಾಂಟಾ ಮೋನಿಕಾದಲ್ಲೇ, ಬಹಳ ಬೇಗ. ಅವತ್ತು ಹೆಡ್‌ಫೋನ್ ಹಾಕಿಕೋ, ಬೇಗ ಮುಗಿಸುವ ಆತುರ ಬೇಡ. ಪಾಳುಬಿದ್ದ ಹೋಟೆಲಿಗೆ ಹೋಗಿ ಅಲ್ಲಿನ ಪ್ರೇತಕ್ಕೆ ಸೇರಿದ ಒಂದು ವಸ್ತು ತರಬೇಕು, ಅಷ್ಟೇ ಕೆಲಸ. ಒಳಗೆ ಹೊಡೆದಾಡಲು ಒಬ್ಬ ಶತ್ರುವೂ ಇಲ್ಲ. ದೀಪ ಸಿಡಿಯುತ್ತದೆ, ಹೂದಾನಿ ಹಾರಿ ಬರುತ್ತದೆ, ಓಣಿಯ ಕೊನೆಯಲ್ಲಿ ಒಂದು ಹೆಂಗಸು ಓಡಿದಂತಾಗುತ್ತದೆ. ಹಳೆಯ ಪತ್ರಿಕೆಯ ತುಣುಕುಗಳನ್ನು ಓದುತ್ತ ಹೋದ ಹಾಗೆ ಅಲ್ಲೊಂದು ಕುಟುಂಬಕ್ಕೆ ಏನಾಯಿತೆಂದು ತಿಳಿಯುತ್ತದೆ. ಅಷ್ಟು ಹೊತ್ತಿಗೆ ನೀನು ರಕ್ತಪಿಶಾಚಿ, ನಿನಗೆ ಉಗುರಿದೆ, ಬಲವಿದೆ. ಅದರಲ್ಲಿ ಒಂದೂ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಆಟಗಾರನ ಕೈಯಲ್ಲಿದ್ದ ಬಲವನ್ನು ಕಿತ್ತುಕೊಂಡೇ ಗೇಮ್ ಮಾಡಿದವರು ಭಯ ಹುಟ್ಟಿಸಿದ್ದಾರೆ. ಭಯದ ಗೇಮ್ ಮಾಡುವ ಆಸೆ ನಿನಗಿದೆಯಲ್ಲ, ಈ ಒಂದು ಲೆವೆಲ್ಲನ್ನು ಎರಡು ಸಲ ಆಡು: ಒಮ್ಮೆ ಹೆದರಲು, ಇನ್ನೊಮ್ಮೆ ಪ್ರತಿ ಸದ್ದು ಎಲ್ಲಿಂದ ಬಂತು, ಯಾವ ಹೆಜ್ಜೆಗೆ ಬಂತು ಎಂದು ನೋಡಲು.

ಈಗ ಮುಖ್ಯ ಮಾತು. ನಿನ್ನ ಸ್ವಭಾವ ನನಗೆ ಗೊತ್ತು; ಎಲ್ಲ ಪಾಯಿಂಟನ್ನೂ ಮಾತುಗಾರಿಕೆಗೆ, ಬೀಗ ತೆರೆಯುವುದಕ್ಕೆ, ಕಂಪ್ಯೂಟರಿಗೆ ನುಗ್ಗುವುದಕ್ಕೆ ಸುರಿಯುತ್ತೀ. ಗೇಮ್ ಕೂಡ ಮೊದಲರ್ಧದಲ್ಲಿ ಅದಕ್ಕೇ ಹುರಿದುಂಬಿಸುತ್ತದೆ. ಇಲ್ಲಿ ಅನುಭವದ ಅಂಕ ಸಿಗುವುದು ಕೆಲಸ ಮುಗಿಸಿದ್ದಕ್ಕೆ, ಕೊಂದದ್ದಕ್ಕಲ್ಲ. ಪುಸಲಾಯಿಸಿ ಮುಗಿಸಿದರೂ ಕದ್ದು ನುಸುಳಿ ಮುಗಿಸಿದರೂ ಸರಿಯೇ. ಹಾಲಿವುಡ್ಡಿನ ಕೆಳಗಿನ ಒಳಚರಂಡಿಗೆ ಇಳಿದಾಗ ಈ ಮರ್ಯಾದೆ ಮುಗಿಯುತ್ತದೆ. ಸುರಂಗದ ಮೇಲೆ ಸುರಂಗ, ವಿಕಾರ ಪ್ರಾಣಿಗಳ ಮೇಲೆ ಪ್ರಾಣಿಗಳು. ಅಲ್ಲಿಂದ ಮುಂದೆ ಮಾತಿಗೆ ಬೆಲೆ ಕಡಿಮೆ, ಹೊಡೆತವೇ ಹೆಚ್ಚು; ಕೊನೆಯ ದೊಡ್ಡ ಕಾಳಗಗಳಲ್ಲಂತೂ ಮಾತಿಗೆ ಜಾಗವೇ ಇಲ್ಲ. ಮದುವೆಮನೆಯ ಕೊನೇ ಪಂಕ್ತಿಗೆ ಅನ್ನ ಸಾರು ಮಾತ್ರ ಉಳಿದ ಹಾಗೆ ಆಗಿದೆ ಈ ಭಾಗ. ಅಷ್ಟು ನಾಜೂಕಾಗಿ ಶುರುವಾದ ಕೃತಿಗೆ ಇದು ದೊಡ್ಡ ಕೊರತೆ, ನನಗೆ ಇಂದಿಗೂ ಬೇಸರ ಇದೆ. ಬಿಟ್ಟವರೆಲ್ಲ ಬಿಡುವುದೂ ಇಲ್ಲೇ.

ಆದ್ದರಿಂದ ಸಾಂಟಾ ಮೋನಿಕಾದಿಂದಲೇ ಕತ್ತಿ ದೊಣ್ಣೆಯ ವಿದ್ಯೆಗೆ ಸ್ವಲ್ಪ ಸ್ವಲ್ಪ ಪಾಯಿಂಟ್ ಹಾಕುತ್ತ ಬಾ. ಬಂದೂಕು ಮೊದಲಲ್ಲಿ ಕೈಕೊಡುತ್ತದೆ, ನಂಬಬೇಡ. ರಕ್ತಪಿಶಾಚಿಗಳ ಕುಲಗಳಾದ ಏಳು ಕ್ಲ್ಯಾನ್‌ಗಳಲ್ಲಿ ಟೊರಿಯಡೋರ್ ಆರಿಸಿಕೋ: ಮಾತೂ ಬರುತ್ತದೆ, ಮೈಗೆ ವೇಗವೂ ಇರುತ್ತದೆ. ಮಾಲ್ಕೇವಿಯನ್ ಎಂಬ ಹುಚ್ಚರ ಕ್ಲ್ಯಾನನ್ನು ಎಲ್ಲರೂ ಹೊಗಳುತ್ತಾರೆ, ರಸ್ತೆಬದಿಯ ಸ್ಟಾಪ್ ಬೋರ್ಡಿನ ಜೊತೆ ಜಗಳ ಆಡುವ ಕ್ಲ್ಯಾನ್ ಅದು. ನಿಜಕ್ಕೂ ಅದ್ಭುತ ಬರವಣಿಗೆ. ಆದರೆ ಅವರ ಒಗಟಿನ ಮಾತುಗಳಲ್ಲಿ ಕಥೆಯ ಗುಟ್ಟುಗಳು ಮೊದಲೇ ಸೋರುತ್ತವೆ, ಎರಡನೇ ಸಲಕ್ಕೆ ಇಟ್ಟುಕೋ.

ಚೈನಾಟೌನಿನ ಜನರನ್ನು ಚಿತ್ರಿಸಿದ ರೀತಿ ನಿನಗೆ ಹಿಡಿಸಲಿಕ್ಕಿಲ್ಲ. ಅವರ ಉಚ್ಚಾರಣೆಯನ್ನೇ ನಗೆಯ ವಸ್ತು ಮಾಡಿದ್ದಾರೆ. ಹೆಂಗಸರ ಉಡುಪನ್ನಂತೂ ಗಂಡು ಹುಡುಗರ ಕಣ್ಣಿಗೆಂದೇ ಹೊಲಿದಂತಿದೆ. ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನು, ಉಳಿದದ್ದನ್ನು ಮೆಚ್ಚಿದ ಮಾತ್ರಕ್ಕೆ ಇದನ್ನೂ ಒಪ್ಪಬೇಕಿಲ್ಲ.

ಇನ್ನೊಂದು ವಿಷಯ. ಸಾಂಟಾ ಮೋನಿಕಾದ ಕ್ಲಿನಿಕ್ಕಿನಲ್ಲಿ ಹೆದರ್ ಪೋ ಎಂಬ ಹುಡುಗಿ ಸಾಯುತ್ತ ಮಲಗಿರುತ್ತಾಳೆ. ನಿನ್ನ ರಕ್ತ ಕುಡಿಸಿದರೆ ಬದುಕುತ್ತಾಳೆ. ನೀನು ಕುಡಿಸುತ್ತೀ, ನನಗೆ ಗೊತ್ತು. ಆಮೇಲೆ ಅವಳು ನಿನ್ನನ್ನು ಹುಡುಕಿಕೊಂಡು ಬರುತ್ತಾಳೆ, ನಿನ್ನ ಮನೆಯಲ್ಲೇ ಉಳಿಯುತ್ತಾಳೆ, ನಿನಗಾಗಿ ದುಡ್ಡು ತರುತ್ತಾಳೆ, ನಿನ್ನ ಮಾತೇ ವೇದವಾಗುತ್ತದೆ. ಅದು ಅವಳ ಪ್ರೀತಿಯಲ್ಲ, ನಿನ್ನ ರಕ್ತದ ಕಟ್ಟು. ಗೇಮ್ ಇದನ್ನು ಎತ್ತಿ ಹೇಳುವುದಿಲ್ಲ, ಅಂಕ ಕಳೆದು ಎಚ್ಚರಿಸುವುದೂ ಇಲ್ಲ. ಅವಳು ತಂದದ್ದು ನಿನಗೆ ಉಪಯೋಗಕ್ಕೂ ಬರುತ್ತದೆ. ಮುಂದೊಂದು ರಾತ್ರಿ ಅವಳಿಗೆ ‘ನನ್ನ ಬಿಟ್ಟು ಹೋಗು’ ಎಂದು ಹೇಳುವ ಆಯ್ಕೆ ನಿನಗೆ ಬರುತ್ತದೆ. ಮುಂದೇನಾಗುತ್ತದೆಂದು ಹೇಳಲಾರೆ. ನೀನು ಯಾವುದನ್ನು ಆರಿಸಿದೆ ಎಂದು ಮಾತ್ರ ನನಗೊಂದು ಫೋನ್ ಮಾಡಿ ಹೇಳು.