ಮೂರು ಪಿಕೋಫ್ಯಾರಡ್ ಮುನ್ನೂರಾಗುವ ಬಗೆ

ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರ್ ನಡುವೆ ಯಾರೂ ಜೋಡಿಸದ ಒಂದು ಕೆಪಾಸಿಟರ್ ಇರುತ್ತದೆ. ಸರ್ಕ್ಯೂಟ್ ಚಿತ್ರದಲ್ಲಿ ಅದು ಕಾಣುವುದಿಲ್ಲ. ರಿವರ್ಸ್ ಬಯಾಸ್ ಆದ ಜಂಕ್ಷನ್ನಿನಲ್ಲಿ ವಿದ್ಯುತ್ ಹರಿಸಲಾರದ ತೆಳುವಾದ ಪದರವೊಂದು ಉಂಟಾಗುತ್ತದೆ. ಅದರ ಎರಡು ಮಗ್ಗುಲಲ್ಲೂ ಹರಿಸಬಲ್ಲ ಭಾಗಗಳಿವೆ. ಕೆಪಾಸಿಟರ್ ಆಗಲು ಇಷ್ಟೇ ಸಾಕು. ಸಣ್ಣ ಟ್ರಾನ್ಸಿಸ್ಟರುಗಳಲ್ಲಿ ಇದರ ಬೆಲೆ ಕೆಲವೇ ಪಿಕೋಫ್ಯಾರಡ್. ಬೇಸ್ ಮತ್ತು ಎಮಿಟರ್ ನಡುವಿನದು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಹಾಗಾಗಿ ಹೊಸಬರ ಕಣ್ಣು ದೊಡ್ಡದರ ಮೇಲೆಯೇ ಬೀಳುತ್ತದೆ. ಆದರೆ ಕಾಮನ್ ಎಮಿಟರ್ ಆಂಪ್ಲಿಫೈಯರಿನ ವೇಗವನ್ನು ಹೆಚ್ಚಾಗಿ ತಡೆಯುವುದು ಆ ಚಿಕ್ಕದೇ.

ಏಕೆಂದು ನಿಧಾನವಾಗಿ ನೋಡೋಣ. ಗೇನ್ 100 ಇರಲಿ, ಬೇಸ್-ಕಲೆಕ್ಟರ್ ಕೆಪಾಸಿಟೆನ್ಸ್ 3 ಪಿಕೋಫ್ಯಾರಡ್ ಇರಲಿ. ಬೇಸ್ ವೋಲ್ಟೇಜನ್ನು 10 ಮಿಲಿವೋಲ್ಟ್ ಏರಿಸಿದಿರಿ. ಕಾಮನ್ ಎಮಿಟರ್ ಜೋಡಣೆ ಸಿಗ್ನಲ್ಲನ್ನು ತಿರುವುಮುರುವು ಮಾಡುವುದರಿಂದ ಕಲೆಕ್ಟರ್ 1 ವೋಲ್ಟ್ ಇಳಿಯುತ್ತದೆ. ಈಗ ಕೆಪಾಸಿಟರಿನ ಒಂದು ತುದಿ 10 ಮಿಲಿವೋಲ್ಟ್ ಮೇಲೆ, ಇನ್ನೊಂದು ತುದಿ 1000 ಮಿಲಿವೋಲ್ಟ್ ಕೆಳಗೆ. ಅದರ ಉದ್ದಕ್ಕೂ ಆದ ಒಟ್ಟು ಬದಲಾವಣೆ 1010 ಮಿಲಿವೋಲ್ಟ್. ಇದಕ್ಕೆ ಬೇಕಾದ ಚಾರ್ಜನ್ನೆಲ್ಲ ಬೇಸ್ ಕಡೆಯಿಂದಲೇ ಕೊಡಬೇಕು. ನೀವು ಕೊಟ್ಟದ್ದು 10 ಮಿಲಿವೋಲ್ಟ್, ತೆರಬೇಕಾದ ಚಾರ್ಜ್ 101 ಪಟ್ಟು. ಸಿಗ್ನಲ್ಲಿಗೆ ಆ 3 ಪಿಕೋಫ್ಯಾರಡ್ ಕಾಣುವುದು 303 ಆಗಿ. ಈ ಸಾಲುಗಳನ್ನು ಇನ್ನೊಮ್ಮೆ ಓದಿ. ಇಡೀ ವಿಷಯದ ತಿರುಳು ಇಲ್ಲೇ ಇದೆ.

ಇದಕ್ಕೆ ಮಿಲ್ಲರ್ ಪರಿಣಾಮ ಎನ್ನುತ್ತಾರೆ. ಅಮೆರಿಕದ ಜಾನ್ ಮಿಲ್ಟನ್ ಮಿಲ್ಲರ್ 1920ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ವಿವರಿಸಿದ್ದು ವ್ಯಾಕ್ಯೂಮ್ ಟ್ಯೂಬುಗಳ ಬಗ್ಗೆ. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ.

ಫ್ರೀಕ್ವೆನ್ಸಿಯ ಲೆಕ್ಕಕ್ಕೆ ಬರೋಣ. ಬೇಸ್-ಎಮಿಟರ್ ಕೆಪಾಸಿಟೆನ್ಸ್ 10 ಪಿಕೋಫ್ಯಾರಡ್ ಎಂದುಕೊಂಡರೆ ಒಟ್ಟು 313. ಸಿಗ್ನಲ್ ಮೂಲವನ್ನೂ ಟ್ರಾನ್ಸಿಸ್ಟರನ್ನೂ ಸೇರಿಸಿ ಬೇಸಿನಲ್ಲಿ ಕಾಣುವ ರೋಧ 1 ಕಿಲೋಓಮ್ ಇದ್ದರೆ, ಗೇನ್ ಇಳಿಯತೊಡಗುವ ಮಿತಿ ಸುಮಾರು 510 ಕಿಲೋಹರ್ಟ್ಸ್. ಮಿಲ್ಲರ್ ಪರಿಣಾಮ ಇಲ್ಲದಿದ್ದರೆ ಅದು 12 ಮೆಗಾಹರ್ಟ್ಸ್ ಇರುತ್ತಿತ್ತು! ಹಾಡು, ಮಾತಿನ ಸಿಗ್ನಲ್ಲುಗಳಿಗೆ ತೊಂದರೆಯಿಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಸಿಗ್ನಲ್ಲಿಗೆ ಮಾತ್ರ ಪೂರ್ತಿ ಗೇನಿನಲ್ಲಿ ಸುಮಾರು ಶೇ. 64 ಅಷ್ಟೇ ಸಿಗುತ್ತದೆ.

ಸ್ವಿಚ್ಚಾಗಿ ಬಳಸುವಾಗಲೂ ಕಾಟ ಇದರದ್ದೇ. ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರಿನಲ್ಲಿ ಬೇಸಿನ ಪಾತ್ರ ಗೇಟಿನದು, ಕಲೆಕ್ಟರಿನ ಪಾತ್ರ ಡ್ರೈನಿನದು. ಅದನ್ನು ಆನ್ ಮಾಡುವಾಗ ಗೇಟ್ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಿ: ಏರುತ್ತ ಬಂದದ್ದು ನಡುವೆ ಒಂದೆಡೆ ಮಟ್ಟಸವಾಗಿ ನಿಂತು ಮತ್ತೆ ಏರುತ್ತದೆ. ನಿಂತ ಆ ಹೊತ್ತಿನಲ್ಲಿ ಗೇಟಿಗೆ ಬಂದ ಕರೆಂಟೆಲ್ಲ ಗೇಟ್-ಡ್ರೈನ್ ಕೆಪಾಸಿಟರಿಗೇ ಹೋಗುತ್ತಿರುತ್ತದೆ, ಡ್ರೈನ್ ವೋಲ್ಟೇಜ್ ಇಳಿಯುತ್ತಿರುತ್ತದೆ. ಅದಕ್ಕೆ 20 ನ್ಯಾನೊಕೂಲಂ ಚಾರ್ಜ್ ಬೇಕೆನ್ನಿ. 20 ಮಿಲಿಆಂಪಿಯರ್ ಕೊಡುವ ಮೈಕ್ರೊಕಂಟ್ರೋಲರ್ ಪಿನ್ನಿಗೆ ಒಂದು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಒಂದು ಆಂಪಿಯರ್ ಕೊಡುವ ಗೇಟ್ ಡ್ರೈವರಿಗೆ 20 ನ್ಯಾನೊಸೆಕೆಂಡ್ ಸಾಕು. ಈ ಅವಧಿಯಲ್ಲಿ ವೋಲ್ಟೇಜ್, ಕರೆಂಟ್ ಎರಡೂ ಇರುವುದರಿಂದ ಮಾಸ್‌ಫೆಟ್ ಕಾಯುತ್ತದೆ. ಬಿಸಿಯಾದ ಮಾಸ್‌ಫೆಟ್ಟಿಗೆ ದೊಡ್ಡ ಹೀಟ್‌ಸಿಂಕ್ ಹುಡುಕುವ ಮೊದಲು ಗೇಟಿಗೆ ಎಷ್ಟು ಕರೆಂಟ್ ಸಿಗುತ್ತಿದೆ ಎಂದು ನೋಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಆಂಪ್ಲಿಫೈಯರಿನಲ್ಲಿ ಇದನ್ನು ತಪ್ಪಿಸಲು ಎಲ್ಲಕ್ಕಿಂತ ಸೊಗಸಾದ ದಾರಿ ಕ್ಯಾಸ್ಕೋಡ್. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಕಾಮನ್ ಬೇಸ್ ಜೋಡಣೆಯ ಇನ್ನೊಂದನ್ನು ಸೇರಿಸುತ್ತಾರೆ. ಆಗ ಮೊದಲನೆಯದರ ಕಲೆಕ್ಟರ್ ವೋಲ್ಟೇಜ್ ಹೆಚ್ಚು ಅಲುಗಾಡುವುದಿಲ್ಲ, ಗುಣಾಕಾರವೂ ನಡೆಯುವುದಿಲ್ಲ. ಕೆಲವೊಮ್ಮೆ ಈ ಗುಣಾಕಾರವೇ ಬೇಕಾಗುತ್ತದೆ. 741 ಆಪ್-ಆಂಪಿನೊಳಗೆ 30 ಪಿಕೋಫ್ಯಾರಡ್ ಕೆಪಾಸಿಟರನ್ನು ಹೀಗೆ ಬೇಕೆಂದೇ ಇಟ್ಟಿದ್ದಾರೆ. ಫೀಡ್‌ಬ್ಯಾಕ್ ಕೊಟ್ಟಾಗ ಅದು ಆಸಿಲೇಟ್ ಆಗದಂತೆ ತಡೆಯುವುದು ಅದೇ.

ಇದನ್ನು ಬ್ರೆಡ್‌ಬೋರ್ಡಿನ ಮೇಲೆ ನೀವೇ ಮಾಡಿ ನೋಡಿ. ಮೇಲಿನಂಥ ಆಂಪ್ಲಿಫೈಯರಿನಲ್ಲಿ 100 ಪಿಕೋಫ್ಯಾರಡ್ ಕೆಪಾಸಿಟರೊಂದನ್ನು ಮೊದಲು ಬೇಸ್-ಎಮಿಟರ್ ನಡುವೆ ಹಾಕಿ. ನಮ್ಮ ಲೆಕ್ಕದಂತೆ ಮಿತಿ 385 ಕಿಲೋಹರ್ಟ್ಸ್ ಆಸುಪಾಸಿಗೆ ಇಳಿಯಬೇಕು. ಅದನ್ನೇ ಕಿತ್ತು ಬೇಸ್-ಕಲೆಕ್ಟರ್ ನಡುವೆ ಹಾಕಿದರೆ ಉಳಿಯುವುದು ಸುಮಾರು 15 ಕಿಲೋಹರ್ಟ್ಸ್.