ನೆಲದಡಿಯ ನೀರು ಯಾರ ಸೊತ್ತು?

ವಿದೇಶಿ ಬಂಡವಾಳವು ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ವರವೋ ಶಾಪವೋ ಎಂಬ ವಿಷಯದಲ್ಲಿ ಶಾಲೆಗಳಲ್ಲಿ ಚರ್ಚಾಸ್ಪರ್ಧೆ ಏರ್ಪಡಿಸುವುದುಂಟು. ಮುಖ್ಯೋಪಾಧ್ಯಾಯನಾಗಿದ್ದಾಗ ನಾನೂ ಏರ್ಪಡಿಸಿದ್ದೇನೆ. ಬಹುಮಾನ ಹೆಚ್ಚಾಗಿ ಗಟ್ಟಿ ಕಂಠದವರ ಪಾಲಾಗುತ್ತಿತ್ತು. ಬಂಡವಾಳವು ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಬಂದು ನೆಲೆಸಿದ ಊರಿನಲ್ಲಿ ಪಂಚಾಯತು, ಸರಕಾರ, ನ್ಯಾಯಾಲಯಗಳು ಹೇಗೆ ನಡೆದುಕೊಂಡವು ಎಂಬುದೇ ಮುಖ್ಯವೆಂದು ಈಗ ನನಗೆ ತೋರುತ್ತದೆ. ನಮ್ಮದೇ ಕೇರಳ ರಾಜ್ಯದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡ ಇದಕ್ಕೆ ನಿದರ್ಶನ.

1977ರಲ್ಲಿ ಭಾರತವನ್ನು ಬಿಟ್ಟುಹೋಗಿದ್ದ ಕೋಕಾ-ಕೋಲಾ ಕಂಪೆನಿಯು ಉದಾರೀಕರಣದ ತರುವಾಯ 1993ರಲ್ಲಿ ಮರಳಿ ಬಂದಿತು. ಅದರ ಅಂಗಸಂಸ್ಥೆಯು ಪ್ಲಾಚಿಮಡದಲ್ಲಿ ಸುಮಾರು 34 ಎಕರೆ ಭೂಮಿ ಪಡೆದು, ಪೆರುಮಾಟ್ಟಿ ಗ್ರಾಮ ಪಂಚಾಯತಿನ ಪರವಾನಿಗೆಯೊಂದಿಗೆ 2000ದಲ್ಲಿ ಪಾನೀಯ ತಯಾರಿಕೆ ಆರಂಭಿಸಿತು. ಕೆಲವು ನೂರು ಮಂದಿಗೆ ಉದ್ಯೋಗ ದೊರೆತುದೂ ನಿಜ. ಆದರೆ ಕೊಳವೆಬಾವಿಗಳಿಂದ ನಿತ್ಯ ಲಕ್ಷಾಂತರ ಲೀಟರ್ ನೀರು ಎತ್ತತೊಡಗಿದ ಬಳಿಕ, ತಮ್ಮ ಬಾವಿಗಳು ಬತ್ತಿದುವೆಂದೂ ಉಳಿದ ನೀರು ಕುಡಿಯಲಾಗದಂತಾಯಿತೆಂದೂ ಸುತ್ತಲಿನವರು ದೂರಿದರು. ಗೊಬ್ಬರವೆಂದು ರೈತರಿಗೆ ಕೊಟ್ಟ ಕಾರ್ಖಾನೆಯ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಇರುವುದು 2003ರ ಪರೀಕ್ಷೆಗಳಲ್ಲಿ ಕಂಡುಬಂದಿತು. 2002ರ ಏಪ್ರಿಲ್ 22ರಂದೇ ಆದಿವಾಸಿಗಳು ಧರಣಿ ಕುಳಿತಿದ್ದರು. ಮಯಿಲಮ್ಮ ಎಂಬ ಆದಿವಾಸಿ ಮಹಿಳೆ ಅವರ ಮುಂದಾಳು.

ಪೌರನೀತಿಯ ಪಾಠದಲ್ಲಿ ಪಂಚಾಯತಿನ ಕರ್ತವ್ಯವೆಂದರೆ ಬೀದಿದೀಪ, ಚರಂಡಿ, ಬಾವಿ ಎಂದು ನಾವು ಬಾಯಿಪಾಠ ಮಾಡಿಸುತ್ತಿದ್ದೆವು. ಪೆರುಮಾಟ್ಟಿಯವರು ಅದರೊಳಗಿನ 'ಬಾವಿ'ಯನ್ನು ಗಂಭೀರವಾಗಿ ಪರಿಗಣಿಸಿದರೆನ್ನಬೇಕು. ತಾವೇ ಕೊಟ್ಟ ಪರವಾನಿಗೆಯನ್ನು ನವೀಕರಿಸಲು 2003ರಲ್ಲಿ ನಿರಾಕರಿಸಿದರು. ಅದರಿಂದ ತಮ್ಮ ಬೊಕ್ಕಸಕ್ಕೇ ನಷ್ಟವೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ.

ವ್ಯಾಜ್ಯವು ಹೈಕೋರ್ಟಿಗೆ ಹೋದಾಗ ಎದ್ದ ಪ್ರಶ್ನೆ ನಮಗೂ ಹೊಸತಲ್ಲ. ಮೇಲಿನ ತೋಟದವನು ಕೊಳವೆಬಾವಿ ಕೊರೆಸಿದಾಗ ಕೆಳಗಿನವನ ಸುರಂಗ ಬತ್ತಿದ ಅನುಭವ ಕಾಸರಗೋಡಿನ ಗುಡ್ಡಗಳಲ್ಲಿ ಅನೇಕರಿಗಿದೆ. ಭೂಮಿಯ ಒಡೆಯನಿಗೆ ಅದರಡಿಯ ನೀರೂ ಸೇರಿದ್ದೇ? 2003ರ ಡಿಸೆಂಬರ್ 16ರಂದು ಏಕಸದಸ್ಯ ಪೀಠವು, ಅಂತರ್ಜಲವು ಸಾರ್ವಜನಿಕರ ಸಂಪತ್ತು, ಸರಕಾರವು ಅದರ ಕಾವಲುಗಾರ ಮಾತ್ರ ಎಂದಿತು. 34 ಎಕರೆಯ ಸಾಮಾನ್ಯ ಕೃಷಿಕನು ಬಳಸುವಷ್ಟು ನೀರನ್ನಷ್ಟೇ ಕಂಪೆನಿಯು ಬಳಸಬಹುದೆಂದಿತು. 2005ರ ಏಪ್ರಿಲಿನಲ್ಲಿ ವಿಭಾಗೀಯ ಪೀಠವು, ಶಾಸನವು ತಡೆಯದಿರುವಾಗ ಭೂಮಾಲಿಕನಿಗೆ ನೀರೆತ್ತುವ ಹಕ್ಕಿದೆಯೆಂದು ದಿನಕ್ಕೆ 5 ಲಕ್ಷ ಲೀಟರಿಗೆ ಅನುಮತಿಯಿತ್ತಿತು. ಒಂದೇ ನ್ಯಾಯಾಲಯ, ಒಂದೇ ಬಾವಿ, ಎರಡು ತೀರ್ಪು! ನನ್ನ ಮನಸ್ಸು ಮೊದಲನೆಯದರ ಕಡೆಗಿದೆ. ನೀರಿಗೆ ಸರ್ವೆಕಲ್ಲು ತಿಳಿಯದು.

ಕಾರ್ಖಾನೆಯಾದರೋ 2004ರ ಮಾರ್ಚಿನಲ್ಲೇ ನಿಂತಿತ್ತು. ಅಲ್ಲಿ ಉತ್ಪಾದನೆ ಪುನರಾರಂಭಿಸುವ ಉದ್ದೇಶವಿಲ್ಲವೆಂದು ಕಂಪೆನಿಯು 2017ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ರಾಜ್ಯ ಸರಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯು 2010ರಲ್ಲಿ ನಷ್ಟವನ್ನು 216.26 ಕೋಟಿ ರೂಪಾಯಿಗಳೆಂದು ಅಂದಾಜಿಸಿತು. ಪರಿಹಾರಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸುವ ಮಸೂದೆಯನ್ನು ವಿಧಾನಸಭೆಯು 2011ರ ಫೆಬ್ರವರಿಯಲ್ಲಿ ಅಂಗೀಕರಿಸಿತು. ಪಂಚಾಯತು ಮಾಡಿದ ನಿರ್ಧಾರದಷ್ಟು ವೇಗ ಅದಕ್ಕೆ ಒದಗಲಿಲ್ಲ. ರಾಷ್ಟ್ರಪತಿಗಳ ಅಂಕಿತಕ್ಕೆಂದು ದಿಲ್ಲಿಗೆ ಹೋದ ಮಸೂದೆಗೆ ಅಂಕಿತ ಬೀಳಲಿಲ್ಲ. ಮಯಿಲಮ್ಮ 2007ರ ಜನವರಿಯಲ್ಲೇ ತೀರಿಕೊಂಡಿದ್ದರು.