ಕಿಡ್ಯೊ ಮಾಡುವ ಭಾನುವಾರ

ಮಗಳೇ, ನವೆಂಬರ್ ಮುಗಿಯುವುದಕ್ಕೆ ಬಂತು. ಫೋನಿನಲ್ಲಿ ನಿನ್ನ ಮಾತು ಈಗಲೇ ಉಸಿರು ಸಿಕ್ಕದ ಹಾಗೆ ಕೇಳಿಸುತ್ತಿದೆ. ಬ್ಯಾಂಕಿನಲ್ಲಿ ಡಿಸೆಂಬರ್ ತ್ರೈಮಾಸಿಕದ ಲೆಕ್ಕ, ದೊಡ್ಡವಳ ಶಾಲಾ ವಾರ್ಷಿಕೋತ್ಸವದ ಡ್ರೆಸ್ಸು, ಸಣ್ಣವನ ಕೆಮ್ಮು. ದುಬೈಯಲ್ಲಿರುವ ನಿನ್ನ ಗಂಡನಿಗೆ ಈ ಸಲ ರಜೆಯೂ ಇಲ್ಲ. ಇದರ ಮೇಲೆ ಕುಸ್ವಾರ್ ತಿಂಡಿ, ಗೋದಲಿ, ನಕ್ಷತ್ರ, ಹೊಸ ಬಟ್ಟೆ, ನೆರೆಮನೆಗಳಿಗೆ ತಟ್ಟೆ. ಎಲ್ಲವನ್ನೂ ನಾನೊಬ್ಬಳೇ ಮಾಡಬೇಕು ದೊಡ್ಡಮ್ಮ ಅಂದೆಯಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಹಾಗೆ ಕೆಲಸಕ್ಕೆ ಹೋಗುವ ಎಷ್ಟೋ ಹೆಣ್ಣುಮಕ್ಕಳನ್ನು ನೋಡುತ್ತೇನೆ. ಡಿಸೆಂಬರ್ 20 ಕಳೆದ ಮೇಲೆ ಮಕ್ಕಳನ್ನು ಮಲಗಿಸಿ, ರಾತ್ರಿ ಹತ್ತೂವರೆಗೆ ಒಲೆಯ ಮೇಲೆ ಬಾಣಲೆ ಇಡುತ್ತಾರೆ. ಬೆಳಿಗ್ಗೆ ಮಕ್ಕಳು ಏಳುವಾಗ ಡಬ್ಬಿಗಳು ತುಂಬಿರುತ್ತವೆ. ತಾಯಿಗೆ ಸೊಂಟನೋವು, ಮಕ್ಕಳಿಗೆ ತಿಂಡಿ. ತಿಂಡಿ ಹೇಗೆ ಬಂತು, ಮನೆಗೆ ಹಬ್ಬ ಹೇಗೆ ಬಂತು ಎಂದು ಆ ಮಕ್ಕಳಿಗೆ ತಿಳಿಯುವುದೇ ಇಲ್ಲ. ಪಟ್ಟಿ ಎಷ್ಟು ಬೇಕಾದರೂ ಕಡಿಮೆ ಮಾಡು, ನಾನೇನೂ ಅನ್ನುವುದಿಲ್ಲ. ಆದರೆ ಬೇಗ ಮುಗಿಯಲಿ ಎಂದು ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಬೇಡ. ಅವರಿಗೆ ಕ್ರಿಸ್ಮಸ್ ಎಂದರೆ ಈ ನಾಲ್ಕು ವಾರದ ತಯಾರಿಯೇ. 25ನೇ ತಾರೀಕು ಊಟ ಮಾಡಿ ಮಲಗುವಷ್ಟರಲ್ಲಿ ಕಳೆದುಹೋಗುತ್ತದೆ.

ಆಗಮನ ಕಾಲಕ್ಕೆ ಭಾನುವಾರಗಳು ನಾಲ್ಕು. ಮೊದಲನೆಯದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ನಾಲ್ಕನೆಯದರ ನಂತರ ಎಷ್ಟು ದಿನ ಸಿಗುತ್ತದೆಂದು ಕ್ಯಾಲೆಂಡರ್ ನೋಡಿಕೊಂಡಿರಬೇಕು. 2023ರಲ್ಲಿ ನಾಲ್ಕನೆಯ ಭಾನುವಾರವೇ 24 ಆಗಿತ್ತು. ಕೊನೆಯ ವಾರ ಇದೆಯಲ್ಲ ಎಂದು ಕಾದವರಿಗೆ ವಾರವೇ ಇರಲಿಲ್ಲ. ಇಗರ್ಜಿಯಲ್ಲಿ ಹಚ್ಚುವ ಹಾಗೆ ಮನೆಯಲ್ಲೂ ನಾಲ್ಕು ಮೇಣದಬತ್ತಿ ಇಡು, ಮೂರು ನೇರಳೆ, ಮೂರನೆಯ ಭಾನುವಾರಕ್ಕೆ ಒಂದು ಗುಲಾಬಿ. ಸುತ್ತ ಕಟ್ಟಲು ನಿನ್ನ ಬಾಲ್ಕನಿಯ ಕ್ರೋಟನ್ ಎಲೆ ಸಾಕು. ಪ್ರತಿ ಭಾನುವಾರ ಸಂಜೆ ಬತ್ತಿ ಹಚ್ಚಿ, ಪ್ರಾರ್ಥನೆ ಮುಗಿಸಿ, ಆ ವಾರಕ್ಕೆ ಒಂದೇ ಕೆಲಸ ಇಟ್ಟುಕೋ. ಉಳಿದ ಆರು ದಿನ ಹಬ್ಬದ ಸುದ್ದಿಯೇ ಬೇಡ, ಬ್ಯಾಂಕು ಬ್ಯಾಂಕಿನಷ್ಟಕ್ಕೆ ನಡೆಯಲಿ.

ಮೊದಲ ವಾರ ಕೇಕಿನ ಒಣಹಣ್ಣು ನೆನೆಹಾಕುವುದು. ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಯನ್ನು ದೊಡ್ಡವಳು ಕತ್ತರಿಸಲಿ, ಸಣ್ಣವನು ಭರಣಿಗೆ ಹಾಕಲಿ. ರಮ್ ಬೇಡವೆಂದರೆ ಕಿತ್ತಳೆ ರಸದಲ್ಲಿ ನೆನೆಸಬಹುದು, ಆದರೆ ಅದು ವಾರಗಟ್ಟಲೆ ನಿಲ್ಲುವುದಿಲ್ಲ. ಕೇಕ್ ಬೇಯಿಸುವ ಮುಂಚಿನ ದಿನ ಹಾಕಿ ಫ್ರಿಜ್ಜಿನಲ್ಲಿಡಬೇಕು. ಓವನ್ ಮುಂದೆ ನಿಲ್ಲಲು ಪುರುಸೊತ್ತಿಲ್ಲದಿದ್ದರೆ ಕೇಕನ್ನು ಬೇಕರಿಯಿಂದಲೇ ತಾ, ನಾಚಿಕೆಪಡುವ ವಿಷಯವೇ ಅಲ್ಲ. ನಮ್ಮ ಮಂಗಳೂರಿನ ಬೇಕರಿಗಳಲ್ಲಿ ಒಳ್ಳೆಯ ಪ್ಲಮ್ ಕೇಕ್ ಸಿಗುತ್ತದೆ, ಆರ್ಡರ್ ಮಾತ್ರ ಮೊದಲೇ ಕೊಡಬೇಕು. ನೆವ್ರಿ, ಮಕರೂನ್, ತುಕ್ಡಿಯನ್ನೂ ಮನೆಯಲ್ಲಿ ಮಾಡಿ ಮಾರುವವರು ವಾರ್ಡಿಗೊಬ್ಬರಾದರೂ ಇದ್ದಾರೆ. ಅವರಿಂದ ಕೊಂಡರೆ ಅವರ ಮನೆಯ ಹಬ್ಬಕ್ಕೂ ಆಯಿತು. ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡ. ತೆಂಗಿನಕಾಯಿಗೆ, ಗೋಡಂಬಿಗೆ ಈಗ ಎಷ್ಟೆಂದು ನಿನಗೇ ಗೊತ್ತು.

ಕಿಡ್ಯೊ ಮಾತ್ರ ಕೊಳ್ಳಬೇಡ.

ಅದನ್ನು ಮಾಡಲು ಮಕ್ಕಳ ಕೈಯೇ ಬೇಕು. ಎರಡನೆಯ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನೆಲದಲ್ಲಿ ಪೇಪರ್ ಹಾಸಿ ಕೂರು. ಅರ್ಧ ಕಿಲೋ ಮೈದಾ, ಒಂದು ಮೊಟ್ಟೆ, ಸ್ವಲ್ಪ ತುಪ್ಪ, ಚಿಟಿಕೆ ಉಪ್ಪು, ತೆಂಗಿನಕಾಯಿಯ ದಪ್ಪ ಹಾಲು ಹಿಡಿಯುವಷ್ಟು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡು. ತೊಳೆದು ಒರೆಸಿದ ಹೊಸ ಬಾಚಣಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಡು. ಕಡಲೆಕಾಳಿನಷ್ಟು ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ, ಹಾಗೆಯೇ ಮುಂದಕ್ಕೆ ಸುರುಳಿ ಸುತ್ತಬೇಕು. ಬೆನ್ನ ಮೇಲೆ ಸಾಲು ಸಾಲು ಗೆರೆ ಬೀಳುತ್ತದೆ, ಒಳಗೆ ಟೊಳ್ಳು ಉಳಿಯುತ್ತದೆ. ಸಣ್ಣವನ ಕೈಯಲ್ಲಿ ಅದು ಉದ್ದುದ್ದ ಆಗುತ್ತದೆ, ದಪ್ಪಗಾಗುತ್ತದೆ, ಕೆಲವಕ್ಕೆ ಗೆರೆಯೇ ಇರುವುದಿಲ್ಲ. ಅದನ್ನು ಕಸಿದುಕೊಂಡು ನೀನು ತಿದ್ದಬೇಡ, ಹಾಗೆಯೇ ಇರಲಿ. ದಪ್ಪದ್ದನ್ನು ಬೇರೆ ತಟ್ಟೆಗೆ ತೆಗೆದಿಟ್ಟು, ಕರಿಯುವಾಗ ಅದನ್ನು ಕೊನೆಗೆ ಹಾಕಿ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬಿಡು, ಒಳಗೂ ಬೇಯುತ್ತದೆ. ಉರಿ ದೊಡ್ಡದಾದರೆ ಹೊರಗೆ ಕೆಂಪು, ಒಳಗೆ ಹಸಿ, ಎರಡು ದಿನದಲ್ಲಿ ಮೆತ್ತಗಾಗುತ್ತದೆ. ಕರಿದದ್ದು ಪೂರ್ತಿ ಆರಿದ ಮೇಲೆ ಗಟ್ಟಿ ಸಕ್ಕರೆಪಾಕಕ್ಕೆ ಹಾಕಿ ಹೊರಳಿಸಿ, ಗಾಳಿಯಾಡದ ಡಬ್ಬಿಗೆ ತುಂಬು. ಹಬ್ಬ ಕಳೆದು ಹೊಸವರ್ಷ ಬಂದರೂ ಕಟುಂ ಎನ್ನುತ್ತದೆ.

ಎಣ್ಣೆಯ ಹತ್ತಿರಕ್ಕೆ ಮಕ್ಕಳು ಬರಬಾರದು, ಅದೊಂದು ಕಟ್ಟುನಿಟ್ಟು. ಅದಕ್ಕೇ ಹೂವಿನ ಅಚ್ಚಿನ ಕೊಕ್ಕಿಸಾಂ ಈ ವರ್ಷ ಬಿಟ್ಟುಬಿಡು ಎನ್ನುತ್ತೇನೆ. ಕಬ್ಬಿಣದ ಅಚ್ಚು ಎಣ್ಣೆಯಲ್ಲಿ ಕಾಯಬೇಕು, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಮೇಲಿನ ಅಂಚು ದಾಟಿದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ದೊಡ್ಡವರಿಲ್ಲದೆ, ಕಾಲಡಿಯಲ್ಲಿ ಮಗು ಓಡಾಡುವಾಗ ಮಾಡುವ ತಿಂಡಿ ಅಲ್ಲ ಅದು.

ಮೂರನೆಯ ವಾರ ಗೋದಲಿ. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ, ಹುಲ್ಲು ತುಂಬಿದ ಗೋದಲಿಯ ಪಕ್ಕದಲ್ಲಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಕ್ರಿಸ್ಮಸ್ ರಾತ್ರಿಯ ಪೂಜೆ ಮಾಡಿಸಿದರು. ನಮ್ಮ ಮನೆಮನೆಯ ಗೋದಲಿಗೆ ಅದೇ ಮೂಲ. ಅಂಗಡಿಯಲ್ಲಿ ಸಿದ್ಧ ಗೋದಲಿ ಚೆನ್ನಾಗಿಯೇ ಸಿಗುತ್ತದೆ, ಆದರೆ ಗದ್ದೆಯನ್ನಾದರೂ ಮಕ್ಕಳೇ ಬೆಳೆಸಲಿ. ಒಂದು ಹಿಡಿ ಭತ್ತವನ್ನೋ ರಾಗಿಯನ್ನೋ ರಾತ್ರಿ ನೆನೆಸಿಟ್ಟು, ಮರುದಿನ ಅಗಲದ ತಟ್ಟೆಯಲ್ಲಿ ಮಣ್ಣು ಹರಡಿ ಒತ್ತೊತ್ತಾಗಿ ಬಿತ್ತಿಸು. ಡಿಸೆಂಬರ್ 12, 13ಕ್ಕೆ ಬಿತ್ತಿದರೆ 24ಕ್ಕೆ ಹಸಿರು ಎದ್ದು ನಿಂತಿರುತ್ತದೆ. ದಿನಾ ನೀರು ಚಿಮುಕಿಸುವ ಕೆಲಸ ಸಣ್ಣವನಿಗೆ ಕೊಡು. ಶಾಲೆಯಿಂದ ಬಂದವನೇ ಬೂಟು ಬಿಚ್ಚುವ ಮೊದಲು ಮೊಳಕೆ ನೋಡಲು ಓಡುತ್ತಾನೆ. ಕುರುಬರು, ಕುರಿಗಳು ಮುಂಚೆಯೇ ಬರಲಿ. ಬಾಲಯೇಸುವಿನ ಜಾಗ ಮಾತ್ರ ಖಾಲಿ ಇರಬೇಕು. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಕಿರಿಯ ಮಗು ಅದನ್ನು ಇಡುವುದು.

ನಕ್ಷತ್ರ ಕಟ್ಟುವ ಹೊತ್ತಿಗೆ ನಿನ್ನ ಗಂಡನಿಗೆ ವಿಡಿಯೊ ಕಾಲ್ ಮಾಡು. ದುಬೈಯಲ್ಲಿ ಕ್ರಿಸ್ಮಸ್ಸಿಗೆ ಸರ್ಕಾರಿ ರಜೆ ಇಲ್ಲ. ಕೆಲಸ ಮುಗಿಸಿ ಊದ್ ಮೇಥಾದ ಸೇಂಟ್ ಮೇರೀಸ್ ಇಗರ್ಜಿಯ ಜನಸಂದಣಿಯಲ್ಲಿ ನಿಂತು ಪೂಜೆ ಕೇಳುತ್ತಾನೆ, ಪಾಪ. ಸುಸ್ತಾಗಿದ್ದಾನೆ, ದೂರದಲ್ಲಿದ್ದಾನೆ ಎಂದು ಅವನನ್ನು ಎಲ್ಲದರಿಂದ ಬಿಟ್ಟುಬಿಡಬೇಡ. ಕೇಕಿಗೆ, ಮಾಂಸಕ್ಕೆ ಫೋನಿನಲ್ಲೇ ಆರ್ಡರ್ ಹೇಳುವುದು, ಮಕ್ಕಳ ಬಟ್ಟೆ ಆರಿಸುವುದು, ದೊಡ್ಡವಳಿಗೆ ಕ್ಯಾರಲ್ ಹಾಡು ಕಲಿಸುವುದು, ಇವೆಲ್ಲ ಅಲ್ಲಿಂದಲೇ ಆಗುತ್ತದೆ. ಮಾಡಲಿ. ಅಪ್ಪ ಬರೇ ದುಡ್ಡು ಕಳಿಸುವವನು ಎಂದು ಮಕ್ಕಳ ಮನಸ್ಸಿಗೆ ಬಂದರೆ ಅವನಿಗಾಗುವ ನೋವು ದೊಡ್ಡದು.

ಹೊಸ ಬಟ್ಟೆ ಒಂದೊಂದು ಜೊತೆ ಸಾಕು, ಆಟಿಕೆಯೂ ಒಂದೊಂದೇ. ವಿನ್ಸೆಂಟ್ ಡಿ ಪಾವ್ಲ್ ಸಭೆಯವರು ಬಡ ಮನೆಗಳಿಗೆಂದು ಸಂಗ್ರಹಿಸುವಾಗ ನಿನ್ನ ಪರ್ಸಿನಿಂದ ತೆಗೆದು ದೊಡ್ಡವಳ ಕೈಗೆ ಕೊಟ್ಟು ಹಾಕಿಸಬೇಡ. ಅವಳ ಹುಂಡಿಯಿಂದ ಅವಳೇ ಎಣಿಸಿ ತೆಗೆಯಲಿ. ನಿನ್ನ ಪಾಲು ಬೇರೆ ಕೊಡು. ಪಾಪನಿವೇದನೆಗೆ ಕೊನೆಯ ಎರಡು ದಿನದ ಸಾಲಿನಲ್ಲಿ ಮಗು ಎತ್ತಿಕೊಂಡು ನಿಲ್ಲುವುದು ಬೇಡ, ಮುಂಚಿನ ವಾರವೇ ಮುಗಿಸಿಕೋ.

24ರಂದು ಒಲೆಯ ಮೇಲೆ ಬಾಣಲೆ ಇಡಲೇಬಾರದು. ಹಂದಿಮಾಂಸದ ದುಕ್ರಾಮಾಸ್ 23ರ ರಾತ್ರಿಯೇ ಬೇಯಿಸಿ ಇಟ್ಟುಬಿಡು. ಬಾಫತ್ ಮಸಾಲೆ ಒಂದು ದಿನ ಹಿಡಿದಷ್ಟೂ ರುಚಿ. ಸನ್ನದ ಹಿಟ್ಟು 24ರ ಸಂಜೆ ರುಬ್ಬಿದರೆ ಬೆಳಿಗ್ಗೆ ಉಬ್ಬಿರುತ್ತದೆ. 24ರ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ, ನೀನೂ ಮಲಗು. ಈಗ ಇಲ್ಲಿಯ ಇಗರ್ಜಿಗಳಲ್ಲಿ ಜಾಗರಣೆಯ ಪೂಜೆ ಸಂಜೆ ಏಳು, ಏಳೂವರೆಗೇ ಆಗುವುದರಿಂದ ಸಣ್ಣವನೂ ಎಚ್ಚರವಿರುತ್ತಾನೆ. ಒಂದು ಸ್ವೆಟರ್, ನೀರಿನ ಬಾಟಲಿ ಇರಲಿ. ಮೈದಾನದಲ್ಲಿ ಪೂಜೆಯಾದರೆ ಮಂಜು ಬೀಳುತ್ತದೆ, ಅವನ ಕೆಮ್ಮಿಗೆ ಒಳ್ಳೆಯದಲ್ಲ.

ಇನ್ನು ತಟ್ಟೆಯ ವಿಚಾರ. ನಿನ್ನ ಫ್ಲ್ಯಾಟಿನಲ್ಲಿ ದೀಪಾವಳಿಗೆ ಕೆಳಗಿನ ಮನೆಯಿಂದ ಹೋಳಿಗೆ ಬಂತು, ಈದ್‌ಗೆ ಎದುರು ಮನೆಯಿಂದ ಬಿರಿಯಾನಿ ಬಂತು. ಅವರಿಗೆ ಹೋಗುವ ಕುಸ್ವಾರಿನಲ್ಲಿ ಯಾವುದು ಸೇರುತ್ತದೆಂದು ವಿಚಾರಿಸಿಕೊಂಡೇ ತುಂಬು. ಕೆಳಗಿನ ಮನೆಯವರು ಮೊಟ್ಟೆ ಮುಟ್ಟದಿದ್ದರೆ ಅವರ ತಟ್ಟೆಗೆ ನೆವ್ರಿ, ಗುಳಿಯೊ, ಚಕ್ಕುಲಿ. ಎದುರು ಮನೆಗೆ ರಮ್ ಹಾಕಿದ ಕೇಕ್ ಹೋಗಬಾರದು. ತಟ್ಟೆಯನ್ನು ಮಕ್ಕಳ ಕೈಯಲ್ಲೇ ಕಳಿಸು, ಕ್ರೋಶಾ ಬಟ್ಟೆ ಮುಚ್ಚಿ. ಮೊಟ್ಟೆ ತಿನ್ನುವವರ ತಟ್ಟೆಯಲ್ಲಿ ಸಣ್ಣವನು ಮಾಡಿದ ಗೆರೆಯಿಲ್ಲದ ಕಿಡ್ಯೊಗಳಲ್ಲಿ ನಾಲ್ಕನ್ನು ಎಲ್ಲಕ್ಕಿಂತ ಮೇಲಿಡು. ಇದು ನಾನು ಮಾಡಿದ್ದು ಎಂದು ಬಾಗಿಲಲ್ಲಿ ನಿಂತು ಅವನೇ ಹೇಳುತ್ತಾನೆ.

ನಿನ್ನ ಅತ್ತೆಯವರನ್ನು 24ಕ್ಕೆ ಬಂಟ್ವಾಳದಿಂದ ಕರೆತರಲು ಕಾರು ಹೇಳಿದ್ದೀಯಂತೆ. ಅಷ್ಟು ತಡ ಮಾಡಬೇಡ ಮಗಳೇ. ಮಂಡಿನೋವಿದೆ, ನಿಂತು ಕೆಲಸ ಮಾಡಲಾರರು, ಬಂದು ಏನು ಮಾಡಲಿ ಎಂದು ಅವರು ಅನ್ನಬಹುದು. ಆದರೆ ನೆವ್ರಿಯ ಎಳ್ಳು, ಕಾಯಿತುರಿ ಎಷ್ಟು ಹುರಿದರೆ ಕೆಡುವುದಿಲ್ಲ ಎಂದು ಪರಿಮಳದಲ್ಲೇ ಹೇಳಬಲ್ಲವರು ಅವರು. ಸ್ವಲ್ಪ ನೆವ್ರಿ ಮನೆಯಲ್ಲೂ ಮಾಡುವುದಾದರೆ, ಕುರ್ಚಿ ಹಾಕಿ ಕೂರಿಸಿದರೆ ಸಾಕು, ಅಂಚು ಮಡಿಸುವುದನ್ನು ದೊಡ್ಡವಳಿಗೆ ಕಲಿಸುತ್ತಾರೆ. ಇವತ್ತೇ ಫೋನ್ ಮಾಡಿ, ಮಕ್ಕಳೊಂದಿಗೆ ಕಿಡ್ಯೊ ಮಾಡುವುದಿದೆ, ನೀವಿಲ್ಲದೆ ಆಗುವುದಿಲ್ಲ ಎಂದು ಹೇಳು. ಎರಡನೆಯ ಭಾನುವಾರಕ್ಕೆ ಮೊದಲೇ ಬರಲಿ.